ಮುಯ್ಯಿ ಲೆಕ್ಕ, ಕಂಪೆನಿ ಲೆಕ್ಕ

ನಾವು ಈಗ ಕಾಯಿಲೆಯ ಮೇಲೆ ಹೊಟ್ಟೆ ಹೊರೆಯುವವರು. ಡಾಕ್ಟರಲ್ಲ, ಕಾಂಪೌಂಡರಲ್ಲ, ನಾಟಿ ಔಷಧಿ ಕೊಡುವವರೂ ಅಲ್ಲ. ಆರೋಗ್ಯ ವಿಮೆ ಮಾರುವವರು. ಕೊಳ್ಳೇಗಾಲದ ಒಂದು ಬಾಡಿಗೆ ಕೋಣೆಯಲ್ಲಿ ಮೂರು ಜನ ಕೂತು, ಮೂರು ಮೊಬೈಲು ಹಿಡಿದು, ಊರೂರಿನ ಜನಕ್ಕೆ ‘ನಾಳೆ ನಿಮಗೆ ಕಾಯಿಲೆ ಬರಬಹುದು’ ಎಂದು ಹೇಳುವುದೇ ನಮ್ಮ ಕಸುಬು. ಮೂವರೂ ನಮ್ಮ ನಮ್ಮ ಮನೆಗಳಲ್ಲಿ ಮೊದಲ ಡಿಗ್ರಿಯವರು. ಮೂವರ ಅಪ್ಪ ಅವ್ವಂದಿರೂ ಹೆಬ್ಬೆಟ್ಟು. ಮೂವರಲ್ಲಿ ಒಬ್ಬರಿಗೆ ಪದ್ಯ ಬರೆಯುವ ಚಾಳಿ ಇರುವುದರಿಂದ ಈ ಬರಹದ ಕೆಲಸ ಆ ಕೈಗೆ ಬಿತ್ತು. ಮಾತು ಮಾತ್ರ ಮೂವರದೂ.

ಡಿಗ್ರಿ ಮುಗಿದ ಮೇಲೆ ಏನಾಯಿತೆಂದು ನಾವು ಬರೆಯಬೇಕಾಗಿಲ್ಲ. ಈ ಪತ್ರಿಕೆ ಓದುವ ನಿಮಗೆಲ್ಲ ಅದು ನಿಮ್ಮದೇ ಮನೆಯ ಕಥೆ. ಅರ್ಜಿ, ಪರೀಕ್ಷೆ, ಮುಂದೂಡಿಕೆ, ಮತ್ತೆ ಅರ್ಜಿ. ಈ ಕೆಲಸಕ್ಕೆ ಮಾತ್ರ ಯಾರ ಶಿಫಾರಸೂ ಬೇಕಾಗಲಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2015ರಲ್ಲಿ ‘ಪಾಯಿಂಟ್ ಆಫ್ ಸೇಲ್ಸ್ ಪರ್ಸನ್’ ಎಂಬ ಹೊಸ ಬಗೆಯ ಮಾರಾಟಗಾರನಿಗೆ ದಾರಿ ಮಾಡಿತು. ಹತ್ತನೇ ತರಗತಿ ಪಾಸಾಗಿರಬೇಕು, ಹದಿನೆಂಟು ತುಂಬಿರಬೇಕು, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಇರಬೇಕು. ಹದಿನೈದು ಗಂಟೆ ತರಬೇತಿ, ಅದರ ಮೇಲೊಂದು ಪರೀಕ್ಷೆ. ಎಲ್ಲ ಮೊಬೈಲಿನಲ್ಲೇ ಮುಗಿಯಿತು. ಸಂಬಳ ಇಲ್ಲ, ಪಿ.ಎಫ್. ಇಲ್ಲ, ರಜೆ ಇಲ್ಲ. ಮಾರಿದರೆ ಕಮಿಷನ್ನು, ಮಾರದಿದ್ದರೆ ಬರಿಗೈ. ಇದಕ್ಕೆ ‘ಸ್ವತಂತ್ರ ಏಜೆಂಟ್’ ಎಂದು ಹೆಸರು. ಆ ಲೆಕ್ಕದಲ್ಲಿ ಕೂಲಿಗೆ ಹೋಗುವ ನಮ್ಮಪ್ಪನೂ ಸ್ವತಂತ್ರನೇ. ಕರೆದ ದಿನ ಕೆಲಸ, ಕರೆಯದ ದಿನ ಜಗುಲಿ.

ಆದರೂ ಈ ಕೆಲಸ ನಮಗೆ ಹಿಡಿಸಿತು. ಕಾರಣ ಹೇಳಿಬಿಡುತ್ತೇವೆ: ಫೋನಿಗೆ ಕೇರಿ ಇಲ್ಲ. ಹಿಂದೆ ವಿಮೆ ಏಜೆಂಟ್ ಎಂದರೆ ಸ್ಕೂಟರ್ ಹತ್ತಿ, ಬಗಲಿಗೊಂದು ಚೀಲ ಹಾಕಿ, ಮನೆ ಮನೆಯ ನಡುಮನೆಯಲ್ಲಿ ಕೂತು ಕಾಫಿ ಕುಡಿದು ಸಹಿ ಹಾಕಿಸುವವರು. ಆ ನಡುಮನೆಗಳಿಗೆ ನಮ್ಮವರು ಕಾಲಿಡುವಂತಿರಲಿಲ್ಲ. ಅದಕ್ಕೇ ಆ ಕಸುಬೂ ನಮ್ಮವರ ಕೈಗೆ ಅಷ್ಟಾಗಿ ಬರಲಿಲ್ಲ. ಈಗ ಲಿಂಕ್ ಕಳಿಸಿದರೆ ಸಾಕು. ಆ ಕಡೆಯವರು ಹೆಸರು, ಹುಟ್ಟಿದ ದಿನ ತುಂಬುತ್ತಾರೆ, ಓಟಿಪಿ ಹೊಡೆಯುತ್ತಾರೆ, ದುಡ್ಡು ಕಟ್ಟುತ್ತಾರೆ. ‘ಚೆನ್ನಾಗಿ ಬಿಡಿಸಿ ಹೇಳ್ತೀರ ಸಾರ್’ ಅನ್ನುತ್ತಾರೆ. ಆ ಸಾರ್ ಎಂಬ ಮಾತನ್ನು ನಮ್ಮಪ್ಪ ಅರವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿಸಿಕೊಂಡವನಲ್ಲ.

ಒಂದು ಸಲ ಮಾತ್ರ ಫೋನಿನಿಂದ ಆಚೆ ಬರಬೇಕಾಯಿತು. ಪಕ್ಕದ ಊರಿನ ಯಜಮಾನರೊಬ್ಬರು ಎಲ್ಲ ಒಪ್ಪಿಕೊಂಡು, ‘ಮನೆಗೇ ಬಂದ್ಬುಡಿ, ದುಡ್ಡು ಕಟ್ಟೋದ್ನ ತೋರಿಸ್ಕೊಡಿ’ ಎಂದರು. ಹೋದೆವು. ಜಗುಲಿಯಲ್ಲಿ ನಿಲ್ಲಿಸಿ ಕೇಳಿದರು: ಯಾವೂರು? ಆ ಊರಲ್ಲಿ ಯಾವ ಬೀದಿ? ಯಾವ ಜನ ನೀವು? ಹೇಳಿದೆವು. ಮುಖದಲ್ಲಿದ್ದ ನಗು ಇಂಗಿಹೋಯಿತು. ‘ಯೋಚ್ನೆ ಮಾಡಿ ಫೋನ್ ಮಾಡ್ತೀನಿ ಬುಡಿ’ ಎಂದರು. ಫೋನು ಬರಲಿಲ್ಲ. ಅದೇ ಪಾಲಿಸಿಯನ್ನು ಅದೇ ದುಡ್ಡಿಗೆ ಬೇರೆ ಯಾರಿಂದಲೋ ಕೊಂಡರೆಂದು ಆಮೇಲೆ ತಿಳಿಯಿತು. ಪಾಲಿಸಿಗೆ ಮೈಲಿಗೆ ಇರಲಿಲ್ಲ, ಅದನ್ನು ತಂದ ಕೈಗೆ ಇತ್ತು. ಇರಲಿ. ನಾವು ಈ ಪುಟದಲ್ಲಿ ಹೇಳಬೇಕೆಂದಿರುವುದು ಆ ಯಜಮಾನರ ಸಂಗತಿಯಲ್ಲ. ನಮ್ಮ ಕೇರಿಗೇ ನಾವು ಮಾರಲು ಹೋದ ಸಂಗತಿ.

ಟೌನಿನಲ್ಲಿ ಮಾರುವುದು ಕಷ್ಟವಲ್ಲ. ರೇಷ್ಮೆ ಸೀರೆ ಅಂಗಡಿಯವರು, ಮೇಷ್ಟ್ರುಗಳು, ಬೆಂಗಳೂರಿನಲ್ಲಿ ಮಗ ಇರುವ ಅಪ್ಪಂದಿರು ಇವರೆಲ್ಲ ಕೊಳ್ಳುತ್ತಾರೆ. ಗಂಡ ಹೆಂಡತಿ, ಎರಡು ಮಕ್ಕಳ ಸಂಸಾರಕ್ಕೆ ಐದು ಲಕ್ಷದ ಪಾಲಿಸಿ ಎಂದರೆ ವಯಸ್ಸು ನೋಡಿಕೊಂಡು ವರ್ಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಾವಿರ ಆಗುತ್ತದೆ. 2025ರ ಸೆಪ್ಟೆಂಬರ್ 21ರವರೆಗೆ ಇದರ ಮೇಲೆ ನೂರಕ್ಕೆ ಹದಿನೆಂಟು ಜಿ.ಎಸ್.ಟಿ. ಬೇರೆ ಇತ್ತು. ಕಾಯಿಲೆ ಬಂದೀತೆಂಬ ಭಯಕ್ಕೂ ಸರ್ಕಾರಕ್ಕೆ ಸುಂಕ ಕಟ್ಟಬೇಕಾಗಿತ್ತು. ಈಗ ಅದನ್ನು ತೆಗೆದಿದ್ದಾರೆ. ತೆಗೆದರೂ ಕೇರಿಯ ಲೆಕ್ಕಕ್ಕೆ ಅದು ದೂರದ ಬೆಟ್ಟವೇ. ಹದಿನೈದು ಸಾವಿರ ಎಂದರೆ ನಮ್ಮವ್ವನ ಒಂದೂವರೆ ಎರಡು ತಿಂಗಳ ಕೂಲಿ, ಅದೂ ದಿನ ತಪ್ಪದೆ ಕೆಲಸ ಸಿಕ್ಕರೆ.

ಹಾಗೆಂದು ಕೇರಿಗೆ ಕಾಯಿಲೆ ಕಡಿಮೆಯೇ? ಕಾಯಿಲೆ ಬಂದಾಗ ನಮ್ಮ ಜನ ಏನು ಮಾಡುತ್ತಾರೆಂದು ನಿಮಗೆ ಗೊತ್ತು. ಮೊದಲು ಓಲೆ, ಮೂಗುತಿ ಹೋಗುತ್ತದೆ. ಆಮೇಲೆ ಆಡು. ಆಮೇಲೆ ಸಂಘದ ಸಾಲ, ಅದರ ಮೇಲೆ ಫೈನಾನ್ಸಿನವರ ಸಾಲ, ಆ ಸಾಲ ತೀರಿಸಲು ಇನ್ನೊಂದು ಫೈನಾನ್ಸಿನ ಸಾಲ. 2025ರ ಆರಂಭದಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಕೆಲವು ಊರುಗಳಲ್ಲಿ ವಾರದ ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಹೋದವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ಫೆಬ್ರವರಿಯಲ್ಲಿ ಸರ್ಕಾರ ಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಸಾಲದ ಬಗ್ಗೆ ಎಲ್ಲರೂ ಮಾತಾಡಿದರು. ಆ ಸಾಲ ಹುಟ್ಟಿದ್ದೆಲ್ಲಿ ಎಂದು ಕೇಳಿದವರು ಕಡಿಮೆ. ನಮ್ಮ ಕೇರಿಯಲ್ಲಿ ಒಂದೊಂದು ಸಾಲದ ಬೇರು ಹಿಡಿದು ಎಳೆದು ನೋಡಿದ್ದೇವೆ. ಮದುವೆಯದು ಇದೆ, ಮನೆ ಕಟ್ಟಿದ್ದು ಇದೆ, ಆಸ್ಪತ್ರೆಯ ಬಿಲ್ಲು ಬೇಕಾದಷ್ಟಿವೆ.

ಇಂಥ ಕೇರಿಯಲ್ಲಿ ಒಂದು ಸಂಜೆ ಹೆಂಗಸರನ್ನು ಕೂರಿಸಿಕೊಂಡು ವಿಮೆ ಎಂದರೇನೆಂದು ಹೇಳತೊಡಗಿದೆವು. ತರಬೇತಿಯಲ್ಲಿ ಕಲಿಸಿದ ಮಾತು ಒಂದೂ ಕೆಲಸಕ್ಕೆ ಬರಲಿಲ್ಲ. ‘ಓಟಿಪಿ ಯಾರ್ಗೂ ಯೋಳ್ಬ್ಯಾಡಿ ಅಂತ ಟಿವಿಲಿ ಅಂತರಲ್ಲ ಮಗ, ನೀನೇ ಕೇಳ್ತಿದ್ದಯಲ್ಲ’ ಎಂದು ಚಿಕ್ಕವ್ವ ಶುರುಮಾಡಿದಳು. ನಾವು ಬೇರೆ ದಾರಿ ಹಿಡಿದೆವು. ‘ಚಿಕ್ಕವ್ವ, ಇದು ಮುಯ್ಯಾಳು ಇದ್ದಂಗ’ ಎಂದೆವು.

ಮುಯ್ಯಾಳು ನಮ್ಮವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ನಾಟಿಗೋ ಕುಯ್ಲಿಗೋ ಇವತ್ತು ನಿನ್ನ ಗದ್ದೆಗೆ ನಾವು ಬಂದರೆ ನಾಳೆ ನಮ್ಮ ಗದ್ದೆಗೆ ನೀನು. ಮದುವೆಯಲ್ಲಿ ಮುಯ್ಯಿ ಬರೆಸುತ್ತೇವೆ, ಅದು ಇನ್ನೊಂದು ಮದುವೆಗೆ ತಿರುಗಿ ಬರುತ್ತದೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯವರು ಅನ್ನ ಬೇಯಿಸಿ ತರುತ್ತಾರೆ, ಗುಣಿ ತೋಡಲು ಮನೆಗೊಬ್ಬರು ಹೋಗುತ್ತಾರೆ. ಯಾರೂ ರಸೀದಿ ಕೊಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ.

ಅದೇ ಲೆಕ್ಕವನ್ನು ದುಡ್ಡಿನಲ್ಲಿ ಹಾಕಿ ತೋರಿಸಿದೆವು. ಸಾವಿರ ಮನೆಯವರು ತಲೆಗೆ ಸಾವಿರದಂತೆ ಹಾಕಿದರು ಅಂದುಕೊಳ್ಳಿ. ಹತ್ತು ಲಕ್ಷ ಆಯಿತು. ಆ ವರ್ಷ ಎಂಟು ಮನೆಗೆ ದೊಡ್ಡ ಕಾಯಿಲೆ ಬಿತ್ತು. ಮನೆಗೆ ಒಂದು ಲಕ್ಷದಂತೆ ಎಂಟು ಲಕ್ಷ ಕೊಟ್ಟರು. ಉಳಿದ ಎರಡು ಲಕ್ಷದಲ್ಲಿ ಕಂಪೆನಿಯ ಆಫೀಸು, ಜಾಹೀರಾತು, ಲಾಭ, ನಮ್ಮ ಕಮಿಷನ್ನು. ಆ ಎಂಟು ಮನೆ ಯಾವುವೆಂದು ಮೊದಲೇ ಯಾರಿಗೂ ಗೊತ್ತಿಲ್ಲ. ಅದಕ್ಕೇ ಸಾವಿರ ಮನೆಯವರೂ ಹಾಕುತ್ತಾರೆ.

ಚಿಕ್ಕವ್ವ ಬೆರಳು ಮಡಿಸಿ ಲೆಕ್ಕ ಹಾಕಿಕೊಂಡಳು. ಆಮೇಲೆ ಕೇಳಿದಳು: ‘ಹಂಗಾದ್ರ ಇದು ನಮ್ದೇ ದುಡ್ಡು ಅಲ್ವ ಮಗ? ನಮ್ದ ನಮ್ಗೇ ಅವ್ರು ಯಾಕ ಮಾರ್ತರ?’

ಈ ಪ್ರಶ್ನೆ ನಮ್ಮ ಹದಿನೈದು ಗಂಟೆ ತರಬೇತಿಯಲ್ಲಿ ಇರಲಿಲ್ಲ. ಪರೀಕ್ಷೆಯಲ್ಲೂ ಬಂದಿರಲಿಲ್ಲ.

ದೊಡ್ಡಪ್ಪನ ಪಾಲಿಸಿ ಮಾಡಿಸಲು ಕೂತಾಗ ಆ ಪ್ರಶ್ನೆಯ ಇನ್ನೊಂದು ಮಗ್ಗುಲು ಕಂಡಿತು. ದೊಡ್ಡಪ್ಪ ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿ ಸವೆದವನು. ಕುದಿಯುವ ನೀರಲ್ಲಿ ಗೂಡು ಬೇಯಿಸಿ, ಬೆರಳಲ್ಲಿ ಎಳೆ ಹುಡುಕಿ, ಹಬೆ ಕುಡಿದು ಇಪ್ಪತ್ತೈದು ವರ್ಷ ಕಳೆದವನು. ಬೆರಳ ತುದಿ ಬೆಳ್ಳಗೆ ಬೆಂದು ಸುಕ್ಕಾಗಿವೆ. ಉಸಿರು ಎಳೆಯುತ್ತದೆ. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಅವನ ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುತ್ತಾನೆ. ಅವನೇ ದುಡ್ಡು ಕೂಡಿಸಿ ‘ಅಪ್ಪನ್ಗ ಒಂದ್ ಪಾಲ್ಸಿ ಮಾಡ್ಸಣ್ಣ’ ಎಂದು ಕಳಿಸಿದ್ದ.

ಮೊಬೈಲಿನ ಫಾರಂನಲ್ಲಿ ಒಂದು ಪ್ರಶ್ನೆ ಬರುತ್ತದೆ: ಸಕ್ಕರೆ, ಬಿಪಿ, ಹೃದಯ, ಶ್ವಾಸಕೋಶದ ಕಾಯಿಲೆ ಇದೆಯೆ? ಕೆಳಗೆ ಎರಡು ಗುಂಡಿ. ‘ಇಲ್ಲ’ ಒತ್ತಿದರೆ ನೇರ ದುಡ್ಡು ಕಟ್ಟುವ ಪುಟ. ‘ಹೌದು’ ಒತ್ತಿದರೆ ಹತ್ತು ಪ್ರಶ್ನೆ, ರಕ್ತ ಪರೀಕ್ಷೆ, ಡಾಕ್ಟರ ಚೀಟಿ. ದೊಡ್ಡಪ್ಪ ಮೆಲ್ಲಗೆ ಅಂದ: ‘ಸಕ್ಕರ ಕಾಯ್ಲ ಅದ ಅಂತ ಬರ್ದ್ರ ಕೊಡದಿಲ್ಲ ಅಂತರ ಕನ ಮಗ. ಬರೀಬ್ಯಾಡ ಬುಡು.’

ಗೆಳೆಯರೆ, ಇಲ್ಲಿ ಸ್ವಲ್ಪ ನಿಲ್ಲಿ. ‘ಇಲ್ಲ’ ಒತ್ತಿದ್ದರೆ ನಮಗೆ ಕಮಿಷನ್ನು ಬರುತ್ತಿತ್ತು. ಆರೋಗ್ಯ ವಿಮೆಗೆ ನೂರಕ್ಕೆ ಹದಿನೈದರ ಮಿತಿ 2023ರವರೆಗೆ ಇತ್ತು, ಈಗ ಆಯಾ ಕಂಪೆನಿಯೇ ತನ್ನ ಒಟ್ಟು ಖರ್ಚಿನ ಮಿತಿಯೊಳಗೆ ಗೊತ್ತು ಮಾಡುತ್ತದೆ. ಹೇಗಿದ್ದರೂ ನಮ್ಮ ಕೋಣೆಯ ಒಂದು ತಿಂಗಳ ಬಾಡಿಗೆ ಅದರಲ್ಲಿ ಹುಟ್ಟುತ್ತಿತ್ತು. ಆದರೆ ಕಾನೂನು ಏನು ಹೇಳುತ್ತದೆ? ಮೊದಲೇ ಇದ್ದ ಕಾಯಿಲೆಯನ್ನು ಹೇಳಿ ಪಾಲಿಸಿ ಪಡೆದರೆ ಅದಕ್ಕೆ ಕಾಯಬೇಕಾದ ಅವಧಿ ಹೆಚ್ಚೆಂದರೆ 36 ತಿಂಗಳು. 2024ರ ಏಪ್ರಿಲ್‌ಗೆ ಮುಂಚೆ ಇದು 48 ತಿಂಗಳಿತ್ತು. ಕಾಯಿಲೆಯನ್ನು ಮುಚ್ಚಿಟ್ಟರೆ ಐದು ವರ್ಷ ತುಂಬುವ ತನಕ ಕಂಪೆನಿ ಯಾವತ್ತು ಬೇಕಾದರೂ ಕ್ಲೇಮು ತಳ್ಳಿಹಾಕಬಹುದು, ಪಾಲಿಸಿಯನ್ನೇ ರದ್ದು ಮಾಡಬಹುದು. ಮೋಸವೆಂದು ಸಾಬೀತಾದರೆ ಐದು ವರ್ಷ ಕಳೆದ ಮೇಲೂ ಬಿಡುವುದಿಲ್ಲ. ಅಂದರೆ ಇವತ್ತಿನ ಒಂದು ‘ಇಲ್ಲ’ ನಾಳೆ ಮೈಸೂರಿನ ಆಸ್ಪತ್ರೆಯ ಕೌಂಟರಿನಲ್ಲಿ ದೊಡ್ಡಪ್ಪನ ಮಗನ ಮುಖಕ್ಕೆ ಬಡಿಯುವ ‘ಇಲ್ಲ’. ಅಷ್ಟು ಹೊತ್ತಿಗೆ ಅವನು ಕಟ್ಟಿದ ದುಡ್ಡು ಹೋಗಿರುತ್ತದೆ, ನಮ್ಮ ಕಮಿಷನ್ನು ತಿಂದು ಮುಗಿದಿರುತ್ತದೆ.

ನಾವು ‘ಹೌದು’ ಒತ್ತಿದೆವು. ಹತ್ತು ಪ್ರಶ್ನೆಗೂ ನಿಜ ತುಂಬಿದೆವು. ಹನ್ನೊಂದನೇ ದಿನ ಒಂದು ಸಾಲಿನ ಉತ್ತರ ಬಂತು, ನಿಮ್ಮ ಪ್ರಸ್ತಾವವನ್ನು ಒಪ್ಪಲಾಗುತ್ತಿಲ್ಲ ಎಂದು. ದೊಡ್ಡಪ್ಪನಿಗೆ ಓದಿ ಹೇಳಿದೆವು. ಅವನು ಕೋಪಿಸಿಕೊಳ್ಳಲಿಲ್ಲ. ‘ಕಾಯ್ಲ ಇದ್ದವನ್ಗ ಕೊಡದಿಲ್ಲ ಅಂದ್ರ, ಕಾಯ್ಲ ಇಲ್ದವನ್ಗ ಅದು ಯಾಕ ಮಗ?’ ಎಂದು ಕೇಳಿ ಬೀಡಿ ಹುಡುಕತೊಡಗಿದ.

ಕಂಪೆನಿಯ ಉತ್ತರ ನಮಗೂ ಗೊತ್ತು. ಕಾಯಿಲೆ ಬಿದ್ದವರಷ್ಟೇ ಬಂದು ಸೇರಿಕೊಂಡರೆ ಸಾವಿರ ಮನೆಯ ಲೆಕ್ಕ ಮುರಿದು ಬೀಳುತ್ತದೆ. ಎಂಟು ಮನೆಯ ಬದಲು ನೂರು ಮನೆಗೆ ಕೊಡಬೇಕಾದರೆ ದುಡ್ಡು ಎಲ್ಲಿಂದ ಬರಬೇಕು? ಸುಳ್ಳೇನಲ್ಲ. ಆದರೆ ಮುಯ್ಯಾಳಿನಲ್ಲಿ ಹೀಗೆ ಸಾಲಿನಿಂದ ಎಬ್ಬಿಸಿ ಕಳಿಸಿದ್ದನ್ನು ನಾವು ಕಂಡಿಲ್ಲ. ಸೊಂಟ ಬಿದ್ದ ಮುದುಕಿಯೂ ಕುಯ್ಲಿಗೆ ಬರುತ್ತಾಳೆ. ಬಗ್ಗಿ ಕುಯ್ಯಲಾರಳು, ಮರದ ಕೆಳಗೆ ಕೂತು ಎಲ್ಲರ ಕೂಸುಗಳನ್ನು ನೋಡಿಕೊಳ್ಳುತ್ತಾಳೆ. ಅದೂ ಒಂದಾಳಿನ ಲೆಕ್ಕ. ಮುಯ್ಯಾಳಿಗೆ ಎಲ್ಲ ಮನೆಯೂ ಬರಲೇಬೇಕು, ಅದಕ್ಕೇ ಯಾರನ್ನೂ ಬಿಡಬೇಕಾಗಿಲ್ಲ. ಬೇಕಾದವರು ಕೊಳ್ಳಲಿ ಎಂದು ಅಂಗಡಿ ತೆರೆದರೆ, ಅಂಗಡಿಯವನು ತನಗೆ ಬೇಕಾದವರನ್ನು ಆರಿಸುತ್ತಾನೆ. ಕಂಪೆನಿಯ ಲೆಕ್ಕಕ್ಕೂ ಮುಯ್ಯಿಯ ಲೆಕ್ಕಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಈ ವ್ಯತ್ಯಾಸವನ್ನು ನಾವು ಕಂಡುಹಿಡಿದದ್ದಲ್ಲ. ಬಾಬಾಸಾಹೇಬರು 1947ರಲ್ಲೇ ಬರೆದಿಟ್ಟಿದ್ದಾರೆ. ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ ಸಂವಿಧಾನ ಸಭೆಗೆಂದು ಅವರು ಸಿದ್ಧಪಡಿಸಿದ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಭೂಮಿಯ ಮಾತಿನ ಜೊತೆಗೇ ವಿಮೆಯ ಮಾತೂ ಇದೆ. ವಿಮೆ ಸರ್ಕಾರದ ಕೈಯಲ್ಲೇ ಇರಬೇಕು, ಪ್ರತಿಯೊಬ್ಬ ವಯಸ್ಕನೂ ತನ್ನ ಸಂಪಾದನೆಗೆ ತಕ್ಕಂತೆ ಜೀವವಿಮೆ ಮಾಡಿಸುವುದನ್ನು ಸರ್ಕಾರ ಕಡ್ಡಾಯ ಮಾಡಬೇಕು ಎಂಬುದು ಅದರ ಸಾರ. ಕಡ್ಡಾಯ ಎಂಬ ಮಾತನ್ನು ಗಮನಿಸಿ. ಎಲ್ಲರೂ ಬರುವ ಸಾಲು ಅದು. ಅದಕ್ಕೂ ಮುಂಚೆ, ಅವರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ 1943ರಲ್ಲಿ, ಕಾರ್ಖಾನೆ ಕೆಲಸಗಾರರ ಆರೋಗ್ಯ ವಿಮೆಯ ಬಗ್ಗೆ ವರದಿ ಮಾಡಲು ಪ್ರೊಫೆಸರ್ ಬಿ.ಪಿ. ಅಡಾರ್ಕರ್ ಅವರನ್ನು ನೇಮಿಸಲಾಯಿತು. ಆ ದಾರಿಯಲ್ಲೇ 1948ರ ಇ.ಎಸ್.ಐ. ಕಾಯ್ದೆ ಬಂತು. ಇ.ಎಸ್.ಐ.ನಲ್ಲಿ ಮಾಲೀಕನೂ ಹಾಕುತ್ತಾನೆ, ಕೆಲಸಗಾರನೂ ಹಾಕುತ್ತಾನೆ. ನಿನಗೆ ಸಕ್ಕರೆ ಇದೆಯೆ ಎಂದು ಕೇಳಿ ಯಾರನ್ನೂ ಹೊರಗೆ ಕಳಿಸುವುದಿಲ್ಲ. ಕಾಯಿಲೆ ಬಿದ್ದ ದಿನಗಳಿಗೆ ಸಂಬಳದ ಒಂದು ಭಾಗವನ್ನೂ ಕೊಡುತ್ತಾರೆ. ಆದರೆ ಆ ಬಾಗಿಲು ಕಾರ್ಖಾನೆ, ಅಂಗಡಿ, ಕಚೇರಿಗಳಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ. ಗದ್ದೆಯಲ್ಲಿ ಬಗ್ಗಿದ ನಮ್ಮವ್ವನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ.

ಆಮೇಲೆ ಬಂದದ್ದೆಲ್ಲ ಬೇರೆ ದಾರಿ. ಸಾಮಾನ್ಯ ವಿಮೆ 1973ರಲ್ಲಿ ರಾಷ್ಟ್ರೀಕರಣವಾಯಿತು. ಆ ಸರ್ಕಾರಿ ಕಂಪೆನಿಗಳು 1986ರಲ್ಲಿ ‘ಮೆಡಿಕ್ಲೇಮ್’ ತಂದವು. ಅದನ್ನು ಕೊಂಡವರು ಕೊಳ್ಳುವ ಶಕ್ತಿ ಇದ್ದವರು. 1999ರ ಕಾಯ್ದೆಯಿಂದ ಖಾಸಗಿಯವರಿಗೂ ಬಾಗಿಲು ತೆರೆಯಿತು. ಈಗ ಆ ಅಂಗಡಿಯ ಕೊನೆಯ ಮೆಟ್ಟಿಲಲ್ಲಿ ಮೊಬೈಲು ಹಿಡಿದು ನಿಂತವರು ನಾವು.

ಆದರೆ ಬೇರೆ ಥರ ಮಾಡಲು ಆಗುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಮ್ಮ ಪಕ್ಕದ ಯಳಂದೂರಿನಲ್ಲೇ ಮಾಡಿ ತೋರಿಸಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಮಾಡಿದ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್, 1986ರಲ್ಲಿ ಯಳಂದೂರು ತಾಲೂಕಿನ ಕುಷ್ಠರೋಗದ ಕೆಲಸಕ್ಕೆಂದು ಹುಟ್ಟಿದ ಸಂಸ್ಥೆ. 2000ದ ದಶಕದ ಆರಂಭದಲ್ಲಿ ಅವರು ಯಳಂದೂರು, ತಿ. ನರಸೀಪುರ ಸೀಮೆಯಲ್ಲಿ ಒಂದು ಸಮುದಾಯ ಆರೋಗ್ಯ ವಿಮೆ ನಡೆಸಿದರು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿತ್ತು, ಸರ್ಕಾರಿ ವಿಮಾ ಕಂಪೆನಿಯೊಂದು ಜೊತೆಗಿತ್ತು. ತಲೆಗೆ ವರ್ಷಕ್ಕೆ 22 ರೂಪಾಯಿ. ಬಡತನದ ರೇಖೆಗಿಂತ ಕೆಳಗಿದ್ದ ಪರಿಶಿಷ್ಟ ಜಾತಿ, ಪಂಗಡದವರ ಪರವಾಗಿ ಆ ದುಡ್ಡನ್ನು ಯೋಜನೆಯೇ ಕಟ್ಟಿತು. ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಮಲಗಿದರೆ ದಿನಕ್ಕೆ 100 ರೂಪಾಯಿ, ಹೆಚ್ಚೆಂದರೆ 25 ದಿನ. ಅದರಲ್ಲಿ 50 ಔಷಧಿಗೆ. ಉಳಿದ 50 ಯಾತಕ್ಕೆ ಗೊತ್ತೆ? ಹೋದ ಕೂಲಿಗೆ.

ಹೋದ ಕೂಲಿಗೆ! ಈ ಎರಡು ಪದ ಬರೆದವರಿಗೆ ನಮ್ಮ ಬದುಕು ಗೊತ್ತಿತ್ತು. ನಾವು ಮಾರುವ ಪಾಲಿಸಿಗಳಲ್ಲಿ ಕೋಣೆಯ ಬಾಡಿಗೆ ಇದೆ, ಆಪರೇಷನ್ ಇದೆ, ಆಂಬುಲೆನ್ಸ್ ಇದೆ. ಮಲಗಿದ ದಿನದ ಕೂಲಿ ಇಲ್ಲ. ದಿನಭತ್ಯೆ ಬೇಕೆಂದರೆ ಹೆಚ್ಚಾಗಿ ಅದಕ್ಕೆ ಬೇರೆ ದುಡ್ಡು ಕಟ್ಟಬೇಕು. ತಿಂಗಳ ಸಂಬಳದವನು ಮಲಗಿದರೆ ಸಂಬಳ ಬರುತ್ತದೆ. ಕೂಲಿಯವನು ಮಲಗಿದ ದಿನ ಒಲೆಯೂ ಮಲಗುತ್ತದೆ.

ದೊಡ್ಡಪ್ಪನ ವಿಷಯಕ್ಕೇ ಬರೋಣ. ಕಂಪೆನಿ ಬೇಡವೆಂದ ಮೇಲೆ ನಾವು ಅವನ ರೇಷನ್ ಕಾರ್ಡ್ ತೆಗೆಸಿ ನೋಡಿದೆವು. ಬಿ.ಪಿ.ಎಲ್. ಕಾರ್ಡು. 2018ರಿಂದ ಈ ರಾಜ್ಯದಲ್ಲಿ ‘ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ’ ಯೋಜನೆ ಇದೆ. ಬಿ.ಪಿ.ಎಲ್. ಸಂಸಾರಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎ.ಪಿ.ಎಲ್.ನವರಿಗೆ ಯೋಜನೆಯ ದರದಲ್ಲಿ ನೂರಕ್ಕೆ ಮೂವತ್ತು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ಚೀಟಿ ಬರೆದು ಮುಂದಕ್ಕೆ ಕಳಿಸುತ್ತಾರೆ. ಜೀವಕ್ಕೆ ಬಂದ ತುರ್ತಿನಲ್ಲಿ ಚೀಟಿ ಬೇಕಿಲ್ಲ. ಇದರಲ್ಲಿ ‘ನಿನಗೆ ಸಕ್ಕರೆ ಇದೆಯೆ’ ಎಂಬ ಪ್ರಶ್ನೆ ಇಲ್ಲ. ಏಜೆಂಟನೂ ಇಲ್ಲ, ಕಮಿಷನ್ನೂ ಇಲ್ಲ. ಬಹುಶಃ ಅದಕ್ಕೇ ಕೇರಿಗೆ ಬಂದು ಇದನ್ನು ಹೇಳಿದವರೂ ಇಲ್ಲ. ದೊಡ್ಡಪ್ಪನ ಮನೆಯಲ್ಲಿ ಯಾರ ಹತ್ತಿರವೂ ಕಾರ್ಡ್ ಇರಲಿಲ್ಲ. ಗ್ರಾಮ ಒನ್‌ಗೆ ಕರೆದುಕೊಂಡು ಹೋಗಿ ಮಾಡಿಸಿದೆವು. ಬೆಂದ ಬೆರಳಿಗೆ ಗುರುತು ಹತ್ತದೆ ಮೂರು ಸಲ ತಿರುಗಿದೆವು.

ಐದು ತಿಂಗಳಿಗೆ ಕಾಲಿನ ಹುಣ್ಣು ಕೊಳೆಯಿತು. ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಮೈಸೂರಿಗೆ ಹೋದ. ಎರಡು ಬೆರಳು ತೆಗೆದರು, ಕಾಲು ಉಳಿಯಿತು. ಚಿಕಿತ್ಸೆಗೆ ಕಾಸು ಕಟ್ಟಲಿಲ್ಲ. ಆದರೆ ಹತ್ತೊಂಬತ್ತು ದಿನ ದೊಡ್ಡವ್ವ ಮಂಚದ ಕೆಳಗೆ ಮಲಗಿದಳು. ಅವಳ ಹತ್ತೊಂಬತ್ತು ದಿನದ ಕೂಲಿ, ಬಸ್ ಚಾರ್ಜು, ಹೋಟೆಲಿನ ಇಡ್ಲಿ ಯಾವ ಯೋಜನೆಯಲ್ಲೂ ಇರಲಿಲ್ಲ. ಅದನ್ನು ಕೇರಿಯವರು ಕೂಡಿಸಿದರು. ಮುಯ್ಯಿ ಎಂದು ಯಾರೂ ಹೆಸರಿಡಲಿಲ್ಲ.

ಕಾರ್ಡ್ ಒಂದಿದ್ದರೆ ಎಲ್ಲ ಆಯಿತೆಂದೂ ನಾವು ಹೇಳುವುದಿಲ್ಲ. ನಮ್ಮ ಆ್ಯಪ್‌ನಲ್ಲಿ 571440 ಎಂದು ಕೊಳ್ಳೇಗಾಲದ ಪಿನ್‌ಕೋಡ್ ಒತ್ತಿದರೆ ದುಡ್ಡು ಕಟ್ಟದೆ ದಾಖಲಾಗುವ ಆಸ್ಪತ್ರೆಗಳ ಪಟ್ಟಿ ಬರುತ್ತದೆ. ಅದರಲ್ಲಿ ಹೆಚ್ಚಿನವು ಮೈಸೂರಿನವು. 2018ರ ಡಿಸೆಂಬರ್ 14ರಂದು ಹನೂರು ಕಡೆಯ ಸುಳ್ವಾಡಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದವರನ್ನು ಆಂಬುಲೆನ್ಸುಗಳಲ್ಲಿ ತುಂಬಿಕೊಂಡು ಹೋದದ್ದೂ ಮೈಸೂರಿಗೇ. ಚಿಕಿತ್ಸೆಯ ಖರ್ಚನ್ನು ಸರ್ಕಾರ ಹೊತ್ತುಕೊಂಡಿತು. ಆದರೂ ಹದಿನೈದಕ್ಕಿಂತ ಹೆಚ್ಚು ಮಂದಿ ಸತ್ತರು. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ಜನ ಪ್ರಾಣ ಬಿಟ್ಟರು. ಅವರಲ್ಲಿ ಯಾರ ಜೇಬಿನಲ್ಲಿ ಯಾವ ಕಾರ್ಡ್ ಇತ್ತೆಂದು ಕೇಳಿ ಏನು ಪ್ರಯೋಜನ? ವಿಮೆ ಆಸ್ಪತ್ರೆಯ ಬಿಲ್ಲು ಕಟ್ಟುತ್ತದೆ. ಆಸ್ಪತ್ರೆಯನ್ನು ಕಟ್ಟುವುದಿಲ್ಲ.

ಹಾಗಾದರೆ ನೀವು ಈ ಕೆಲಸ ಬಿಟ್ಟಿರಾ ಎಂದು ಕೇಳುತ್ತೀರಿ. ಬಿಟ್ಟಿಲ್ಲ. ಬಿಟ್ಟು ಎಲ್ಲಿಗೆ ಹೋಗುವುದು? ಕೊಳ್ಳುವ ಶಕ್ತಿ ಇದ್ದವರಿಗೆ ಪಾಲಿಸಿ ಒಳ್ಳೆಯದೇ. ಬಿ.ಪಿ.ಎಲ್. ಕಾರ್ಡ್ ಇಲ್ಲದ, ಕೈಯಲ್ಲಿ ಬಂಡವಾಳವೂ ಇಲ್ಲದ ಸಣ್ಣ ಅಂಗಡಿಯವರಿಗೆ, ಟೆಂಪೊ ಓಡಿಸುವವರಿಗೆ ಅದು ಬೇಕೇ ಬೇಕು. ನಾವು ಮಾಡಿಕೊಂಡ ಕಟ್ಟುಪಾಡು ಇಷ್ಟು. ಯಾರು ಫೋನು ಮಾಡಿದರೂ ಮೊದಲು ರೇಷನ್ ಕಾರ್ಡ್ ಯಾವುದೆಂದು ಕೇಳುತ್ತೇವೆ. ಸರ್ಕಾರದಿಂದ ಸಿಗಬೇಕಾದ್ದನ್ನು ಮೊದಲು ಹೇಳುತ್ತೇವೆ. ಸಹಕಾರ ಸಂಘದ ಸದಸ್ಯರಾಗಿದ್ದರೆ ‘ಯಶಸ್ವಿನಿ’ಯ ವಿಷಯ ತಿಳಿಸುತ್ತೇವೆ. 2003ರಲ್ಲಿ ತಲೆಗೆ ವರ್ಷಕ್ಕೆ 60 ರೂಪಾಯಿಗೆ ಶುರುವಾದ ಯೋಜನೆ ಅದು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಗಿತ್ತು, 2022ರ ಕೊನೆಯಲ್ಲಿ ಮತ್ತೆ ನೋಂದಣಿ ಶುರುವಾಯಿತು. ಹಾಗೆ ಮತ್ತೆ ಬಂದಾಗ ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಕಟ್ಟುವಂತೆ ಮಾಡಿದರು. ಆದರೆ ಸಂಘದ ಸದಸ್ಯತ್ವವೇ ಇಲ್ಲದವನಿಗೆ ಆ ಬಾಗಿಲಿಲ್ಲ. ಅದಕ್ಕೇ ಹಾಲಿನ ಡೈರಿಗೋ ಸೊಸೈಟಿಗೋ ನಮ್ಮವರನ್ನು ಸದಸ್ಯರನ್ನಾಗಿ ಮಾಡಿಸುವುದೂ ನಮಗೆ ವಿಮೆಯ ಕೆಲಸವೇ ಆಗಿದೆ.

ಇಷ್ಟಾದ ಮೇಲೂ ಪಾಲಿಸಿ ಬೇಕೆಂದರೆ ಮಾರುತ್ತೇವೆ. ಮಾರುವಾಗ ಕಾಯಿಲೆಯನ್ನು ಮುಚ್ಚುವುದಿಲ್ಲ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡವೆನಿಸಿದರೆ ವಾಪಸು ಮಾಡಬಹುದೆಂದು ಹೇಳುತ್ತೇವೆ. ಕ್ಲೇಮು ತಳ್ಳಿಹಾಕಿದರೆ ಮೊದಲು ಕಂಪೆನಿಗೆ, ಅಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಕಾಸು ಖರ್ಚಿಲ್ಲದೆ ದೂರು ಕೊಡಬಹುದೆಂದು ಹೇಳುತ್ತೇವೆ. ಹನೂರಿನ ಕಾಡಂಚಿನ ಪೋಡುಗಳಲ್ಲಿ ಸಿಗ್ನಲ್ ಸಿಗದೆ ಓಟಿಪಿಯೇ ಬರುವುದಿಲ್ಲ. ಅಲ್ಲಿಗೆ ಕಾಲ್ನಡಿಗೆಯಲ್ಲೇ ಹೋಗುತ್ತೇವೆ, ಮಾರುವುದಕ್ಕಲ್ಲ, ಕಾರ್ಡ್ ಮಾಡಿಸುವುದಕ್ಕೆ.

ನಮ್ಮ ಕೋಣೆಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇದೆ. ಎಡಗಡೆ ಮಾರಿದ ಪಾಲಿಸಿ, ಬಲಗಡೆ ಮಾಡಿಸಿಕೊಟ್ಟ ಕಾರ್ಡ್. ಹೋದ ತಿಂಗಳು ಎಡಗಡೆ ಏಳು, ಬಲಗಡೆ ನಲವತ್ತಮೂರು. ಎಡಗಡೆಯದು ನಮ್ಮ ಅನ್ನ. ಬಲಗಡೆಯದಕ್ಕೆ ಯಾರೂ ಕಮಿಷನ್ನು ಕೊಡುವುದಿಲ್ಲ. ಈ ನಲವತ್ತಮೂರು ಮನೆಗೆ ಬರಬೇಕಾದ್ದನ್ನು ಮುಟ್ಟಿಸಲು ಸಂಬಳ ತೆಗೆದುಕೊಳ್ಳುವವರು ಬೇರೆ ಇದ್ದಾರೆ.

ಚಿಕ್ಕವ್ವನ ಪ್ರಶ್ನೆ ಇನ್ನೂ ಹಾಗೇ ಇದೆ. ನಮ್ಮದೇ ದುಡ್ಡನ್ನು ನಮಗೇ ಯಾಕೆ ಮಾರುತ್ತಾರೆ? ಎಲ್ಲ ಮನೆಯೂ ಬರಲೇಬೇಕಾದ, ಯಾರನ್ನೂ ಎಬ್ಬಿಸಿ ಕಳಿಸದ, ಹೋದ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯುವ ಒಂದು ಸಾಲು ಈ ದೇಶಕ್ಕೆ ಯಾಕೆ ಆಗುವುದಿಲ್ಲ? ಯಳಂದೂರಿನಲ್ಲಿ 22 ರೂಪಾಯಿಗೆ ಆದದ್ದು ವಿಧಾನಸೌಧಕ್ಕೆ ಯಾಕೆ ಆಗುವುದಿಲ್ಲ? ಉತ್ತರ ಬಲ್ಲವರು ಇದೇ ಪತ್ರಿಕೆಗೆ ಬರೆಯಿರಿ. ಅಷ್ಟರೊಳಗೆ ನಿಮ್ಮ ಊರಿನ ಕೇರಿಯಲ್ಲಿ ಎಷ್ಟು ಮನೆಗೆ ಕಾರ್ಡ್ ಇದೆ, ಎಷ್ಟು ಮನೆಗೆ ಇಲ್ಲ ಎಂದು ಮನೆ ಮನೆ ಹೊಕ್ಕು ಎಣಿಸಿ. ಒಂದು ಭಾನುವಾರದ ಕೆಲಸ. ಆ ಲೆಕ್ಕವನ್ನೂ ಬರೆದು ಕಳಿಸಿ.